ಗೇಟಿನಿಂದ ಪೋರ್ಚಿನವರೆಗೆ

ಅವರ ಬಲಗೈ ಭಾರವಾಗಿತ್ತು. ನಿಂತು ಮಾತಾಡಿಸಿದರೆ ಮೊದಲು ಆ ಕೈ ಬಂದು ನಮ್ಮ ಹೆಗಲ ಮೇಲೆ ಕೂರುತ್ತಿತ್ತು. ಅವರು ಹೆಗಲು ಸವರುತ್ತಿರಲಿಲ್ಲ, ಊರುತ್ತಿದ್ದರು. ಬೇಸಿಗೆಯಲ್ಲೂ ಬೆರಳು ತಣ್ಣಗಿರುತ್ತಿದ್ದವು, ಉಗುರಿನ ಬುಡ ತುಸು ನೀಲಿಯಾಗಿರುತ್ತಿತ್ತು. ಮಾತು ಮುಗಿದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ‘ಮೇಡಮ್ಮಾರಿಗೆ ನನ್ನ ಮ್ಯಾಲೆ ಭಾಳ ಜೀವ’ ಎಂದು ಪ್ರತಿ ಹುಡುಗಿಯೂ ಅಂದುಕೊಳ್ಳುತ್ತಿದ್ದಳು. ಯಾರ ಹೆಗಲಿಗೆ ಎಷ್ಟು ಸಲ ಕೈ ಬಂತು ಎಂಬುದರ ಮೇಲೆ ಹಾಸ್ಟೆಲ್ಲಿನಲ್ಲಿ ಜಗಳವೂ ಆಗಿತ್ತು.

ಉಗುರು ನೀಲಿ ಇತ್ತು ಎಂದು ಈಗಷ್ಟೇ ಬರೆದೆ. ಅದನ್ನು ಆಗ ಕಂಡಿದ್ದೆನೋ, ಎಲ್ಲ ತಿಳಿದ ಮೇಲೆ ನೆನಪಿಗೆ ಬಣ್ಣ ಹಚ್ಚಿಕೊಂಡೆನೋ ಖಾತ್ರಿಯಿಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಹುಡುಕಿ ನೋಡಿದೆ. ಕೈಯ ಭಾರದ ಬಗ್ಗೆ ಎರಡು ಕಡೆ ಬರೆದಿದ್ದೇನೆ, ಉಗುರಿನ ಬಗ್ಗೆ ಎಲ್ಲೂ ಇಲ್ಲ. ನಾನು ಇತಿಹಾಸ ಓದಿದವಳು, ಅದನ್ನೇ ಕಲಿಸುವವಳು. ತಡವಾಗಿ ಸಿಕ್ಕ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂದು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಹಾಗಾಗಿ ಡೈರಿಯಲ್ಲಿ ಇರುವುದನ್ನು ಇದೆ ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತ ಹೋಗುತ್ತೇನೆ.

ಅವರು ಸಿಂದಗಿಯಲ್ಲಿ ನಮ್ಮ ಕಾಲೇಜಿನ ಭೂಗೋಳದ ಮೇಡಂ. ಮೊದಲು ನನಗೆ ಕಲಿಸಿದರು, ಆಮೇಲೆ ಅದೇ ಕಾಲೇಜಿನಲ್ಲಿ ನನ್ನ ಜೊತೆ ಕೆಲಸ ಮಾಡಿದರು. ಅವರ ಹೃದಯದ ಒಂದು ಕವಾಟ ಚಿಕ್ಕಂದಿನ ಕೀಲುಜ್ವರದಲ್ಲಿ ಕೆಟ್ಟಿತ್ತು. ಸೊಲ್ಲಾಪುರದಲ್ಲಿ ಎದೆ ಬಿಚ್ಚಿ ಲೋಹದ ಕವಾಟ ಕೂರಿಸಿದ್ದರು. ಅದನ್ನು ಇಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಮೇಲೆ ನಮ್ಮ ನಡುವೆ ಓಡಾಡಿದರು. ನಮಗೆ ಗೊತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಆ ಹೃದಯ ದಣಿಯುತ್ತ ಬಂದಾಗ, ನೌಕರಿ ಮುಗಿಯುವವರೆಗೆ ಪಾಠ ಮಾಡಲು ಅವರಿಗೆ ಕಾಲೇಜಿನಿಂದ ಬೇಕಿದ್ದದ್ದು ಒಂದೇ: ಪೋರ್ಚಿನ ಪಕ್ಕದಲ್ಲಿ ಒಂದು ಸ್ಕೂಟಿ ನಿಲ್ಲುವಷ್ಟು ಜಾಗ. ಅದನ್ನು ಅವರಿಂದ ಬಿಡಿಸಿದವಳು ನಾನು.

ನೋಡಿದರೆ ಅವರನ್ನು ರೋಗಿ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಯಂಕಂಚಿಯ ಒಕ್ಕಲುತನದ ಮನೆಯ ಮಗಳು. ದುಂಡು ಮುಖ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಯಾವಾಗಲೂ ಕೊರಳು ಮುಚ್ಚುವ ಜಂಪರ ತೊಡುತ್ತಿದ್ದರು. ‘ಮೇಡಮ್ಮಾರದು ಹಳೇ ಕಾಲದ ಫ್ಯಾಶನ್’ ಎಂದು ನಾವು ನಗುತ್ತಿದ್ದೆವು. ನನಗೆ ಪಾಠ ಮಾಡುವ ಮೊದಲೊಮ್ಮೆ ಮೂರು ತಿಂಗಳು ರಜೆ ಹಾಕಿದ್ದರಂತೆ. ಗರ್ಭಕೋಶದ ಆಪರೇಷನ್ ಎಂದು ಊರಿಗೆಲ್ಲ ಹೇಳಿದ್ದರು. ನಮ್ಮ ಕಡೆ ಆ ಆಪರೇಷನ್ ಮನೆಗೊಬ್ಬರಿಗೆ ಆಗಿರುತ್ತದೆ. ಅದರ ಬಗ್ಗೆ ಮುಂದೆ ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಹಂಚಿಕೊಂಡು ತಿನ್ನುವುದು ರೂಢಿ. ಅವರ ಡಬ್ಬಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಬದನೆಕಾಯಿ ಪಲ್ಯಕ್ಕೆ ಉಪ್ಪೇ ಇರುತ್ತಿರಲಿಲ್ಲ.

‘ಏನ್ ಮಾಡ್ಲಿ, ನಮ್ಮತ್ತಿ ಉಪ್ಪು ಹಾಕೂದು ಮರೀತಾಳ. ಹೇಳಿದ್ರ ಸಿಟ್ಟಿಗೇಳ್ತಾಳ,’ ಎನ್ನುತ್ತಿದ್ದರು.

‘ಒಂದ್ ದಿನಾರ ನೀವ ಮಾಡ್ರಲಾ ಮೇಡಂ.’

‘ನಾ ಮಾಡಿದ್ರ ಅದನ್ನೂ ತಿನ್ನಂಗಿಲ್ಲ ನೀವು.’

ಹೀಗೆ ಎಂದೂ ಕಾಲೇಜಿಗೆ ಬಾರದ ಆ ಅತ್ತೆ, ಉಪ್ಪಿನ ವಿಷಯದಲ್ಲಿ ಜಿಪುಣಿ ಎಂದು ನಮ್ಮಲ್ಲೆಲ್ಲ ಹೆಸರಾಗಿದ್ದರು.

ಅವರು ಪಾಠ ಮಾಡುತ್ತಿದ್ದದ್ದು ಕುರ್ಚಿಯಲ್ಲಿ ಕುಳಿತು. ನಕಾಶೆ ತೋರಿಸಲು ಮುಂದಿನ ಬೆಂಚಿನವರನ್ನು ಏಳಿಸಿ ಕೋಲು ಕೊಡುತ್ತಿದ್ದರು. ‘ಡೋಣಿ ಎಲ್ಲಿ ಕೃಷ್ಣಾಕ್ಕ ಕೂಡ್ತೈತಿ, ನೀ ತೋರಸು. ನಾ ತೋರಿಸಿದ್ರ ನನ್ನ ತಲ್ಯಾಗ ಉಳೀತೈತಿ, ನಿನ್ನ ತಲ್ಯಾಗಲ್ಲ.’ ಅದು ಒಳ್ಳೆಯ ಮೇಷ್ಟರ ಉಪಾಯ ಎಂದೇ ನಾನು ತಿಳಿದಿದ್ದೆ. ನಾನೂ ತರಗತಿಯಲ್ಲಿ ಹಾಗೇ ಮಾಡುತ್ತೇನೆ, ಅದರಿಂದ ಮಕ್ಕಳಿಗೆ ಪ್ರಯೋಜನವೂ ಆಗಿದೆ. ಆಲಮಟ್ಟಿಗೆ ಪ್ರವಾಸ ಹೋದಾಗ ನಾವೆಲ್ಲ ಉದ್ಯಾನದ ಮೆಟ್ಟಿಲು ಇಳಿದು ಹತ್ತಿ ಸುಸ್ತಾಗಿ ಬಂದರೆ ಅವರು ಬಸ್ಸಿನಲ್ಲೇ ಶೇಂಗಾ ತಿನ್ನುತ್ತ ಕೂತಿದ್ದರು. ಅವರ ಯಜಮಾನರು ಅಲ್ಲಿಯ ಕಾಲುವೆ ಆಫೀಸಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಸಿಂದಗಿಗೆ ಬರುತ್ತಿದ್ದರು. ‘ನನಗೇನ್ ನೋಡೂದೈತಿ ಇಲ್ಲಿ? ಡ್ಯಾಮಿನ ನೀರ ಕುಡದವ್ರನ್ನ ಮನ್ಯಾಗ ಇಟಗೊಂಡೀನಿ,’ ಎಂದರು. ಬಸ್ಸೆಲ್ಲ ನಕ್ಕಿತು.

ಪ್ರಾಯೋಗಿಕ ತರಗತಿಗೆ ಪ್ರತಿವರ್ಷ ಒಂದೇ ಕೆಲಸ: ಕಾಲೇಜಿನ ಅಂಗಳದ ಮಟ್ಟ ಅಳೆಯುವುದು. ಮೂರು ಕಾಲಿನ ಮೇಲೆ ದುರ್ಬೀನಿನಂಥ ಉಪಕರಣ ಇಟ್ಟು, ದೂರದಲ್ಲಿ ಅಳತೆಗೋಲು ಹಿಡಿದು, ನೆಲದ ಏರಿಳಿತ ಬರೆದುಕೊಳ್ಳಬೇಕು. ನಮ್ಮ ತಂಡಕ್ಕೆ ಗೇಟಿನಿಂದ ಪೋರ್ಚಿನವರೆಗಿನ ದಾರಿ ಬಂದಿತ್ತು.

‘ಮೇಡಂ, ಇದು ಸಪಾಟ ಐತ್ರಿ. ಅಳಿಯೂದೇನೈತಿ?’ ಎಂದೆ.

‘ಅಳಿ ಅಂದ್ನಿ.’

ಅಳೆದೆವು. ಗೇಟಿಗಿಂತ ಪೋರ್ಚು ಐದೂವರೆ ಅಡಿ ಎತ್ತರದಲ್ಲಿತ್ತು. ಲೆಕ್ಕ ತಪ್ಪಿರಬೇಕೆಂದು ಮತ್ತೊಮ್ಮೆ ಅಳೆದೆವು. ಅದೇ ಬಂತು. ಮೂರು ವರ್ಷ ದಿನಾ ನಡೆದ ದಾರಿಯಲ್ಲಿ ಏರು ಇದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ.

‘ನಿಮ್ಮ ವಯಸ್ಸಿಗೆ ಗೊತ್ತಾಗಂಗಿಲ್ಲವಾ,’ ಎಂದರು ಮೇಡಂ, ಅಷ್ಟೇ. ಈ ಮಾತು ಡೈರಿಯಲ್ಲಿದೆ. ಆಗ ಅವರಿಗೆ ಮೂವತ್ತೈದೂ ಆಗಿರಲಿಕ್ಕಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ.

ಇನ್ನೊಂದು ನೆನಪಿದೆ, ಅದನ್ನು ಮಾತ್ರ ಪೂರ್ತಿ ನಂಬಲಾರೆ. ಪರೀಕ್ಷೆಯ ಹಾಲಿನಲ್ಲಿ ಅವರು ಮೇಲ್ವಿಚಾರಣೆಗೆ ಬಂದು ನನ್ನ ಬೆಂಚಿನ ಪಕ್ಕ ಕೂತಾಗ ಟಿಕ್ ಟಿಕ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. ಅವರ ಚೀಲದಲ್ಲಿ ಗಡಿಯಾರ ಇದೆ ಎಂದುಕೊಂಡಿದ್ದೆ. ಲೋಹದ ಕವಾಟ ಮುಚ್ಚುವಾಗ ಹಾಗೆ ಸದ್ದಾಗುತ್ತದೆಂದು ಈಗ ಗೊತ್ತಾಗಿದೆ. ಕೇಳಿದ್ದು ನಿಜವೇ? ಅಥವಾ ಈಗ ಗೊತ್ತಾದದ್ದು ಹಿಂದಕ್ಕೆ ಹೋಗಿ ಆ ಹಾಲಿನಲ್ಲಿ ಕೂತಿತೇ? ಡೈರಿಯಲ್ಲಿ ಇಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಅಲ್ಲಿ ಇಲ್ಲಿ ಪಾಠ ಮಾಡಿ, ಕೊನೆಗೆ ಇದೇ ಕಾಲೇಜಿಗೆ ಇತಿಹಾಸ ಕಲಿಸಲು ಬಂದೆ. ಮೇಡಂ ಅವರ ಕೆಂಪು ಸ್ಕೂಟಿ ಆಗಲೂ ಪೋರ್ಚಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಉಳಿದವರ ಗಾಡಿ ಎಲ್ಲೆಲ್ಲೋ ಇರುತ್ತಿದ್ದವು, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಳೆಯ ಪ್ರಾಂಶುಪಾಲರಿಗೆ ಒಬ್ಬರಿಗೆ ಮಾತ್ರ ಅವರ ವಿಷಯ ಗೊತ್ತಿತ್ತಂತೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಮಾತಿನಂತೆ ಯಾರಿಗೂ ಹೇಳದೆ ನಿವೃತ್ತರಾಗಿ ಹೋದರು.

ಹೊಸ ಪ್ರಾಂಶುಪಾಲರು ಬಂದ ವರ್ಷವೇ ಕಾಲೇಜಿನ ಮೌಲ್ಯಾಂಕನಕ್ಕೆ ಸಮಿತಿ ಬರುವುದಿತ್ತು. ಇಂಥ ಸಮಿತಿ ಬರುತ್ತದೆ ಎಂದರೆ ನಮ್ಮಲ್ಲಿ ಮದುವೆಮನೆಯ ಗಡಿಬಿಡಿ. ಗೋಡೆಗೆ ಸುಣ್ಣ, ಗಿಡಕ್ಕೆ ಹೆಸರಿನ ಫಲಕ, ಒಬ್ಬೊಬ್ಬರಿಗೆ ಒಂದೊಂದು ಉಸ್ತುವಾರಿ. ನನಗೆ ಬಂದದ್ದು ಅಂಗಳದ ಶಿಸ್ತು. ಗಾಡಿಗಳೆಲ್ಲ ಗೇಟಿನ ಹತ್ತಿರದ ಶೆಡ್ಡಿನಲ್ಲೇ ನಿಲ್ಲಬೇಕು, ಒಳಗೆ ಬರಕೂಡದು. ಪೋರ್ಚಿಗೆ ಒಂದು ಇಳಿಜಾರು ಕಟ್ಟಿಸಬೇಕು. ಅದರ ಪಕ್ಕದಲ್ಲಿ ಅಂಗವಿಕಲರ ಗಾಡಿಗೆ ನೀಲಿ ಚೌಕ ಬರೆಸಿ ಗಾಲಿಕುರ್ಚಿಯ ಚಿತ್ರ ಹಾಕಿಸಬೇಕು. ಚೌಕ ಬರೆಸಿದೆ. ಅದು ಬಂದದ್ದು ಸರಿಯಾಗಿ ಮೇಡಂ ಅವರ ಸ್ಕೂಟಿ ನಿಲ್ಲುತ್ತಿದ್ದ ಜಾಗದಲ್ಲಿ. ಕಾಲೇಜಿನಲ್ಲಿ ಅಂಥ ಗಾಡಿ ಇದ್ದವರು ಆಗ ಒಬ್ಬರೂ ಇರಲಿಲ್ಲ.

ಬಣ್ಣ ಒಣಗಿದ ಮರುದಿನವೂ ಅವರು ಅಲ್ಲೇ ಗಾಡಿ ನಿಲ್ಲಿಸಿದರು, ಅದರ ಮರುದಿನವೂ. ಮೂರನೆಯ ದಿನ ಕಾಮರ್ಸ್ ಸರ್ ಅದರ ಫೋಟೋ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಹೀಗೆ ಬರೆದರು: ‘ಶೀಘ್ರ ಗುಣಮುಖರಾಗಲಿ ಎಂದು ಪ್ರಾರ್ಥನೆ.’ ಜೊತೆಗೆ ಮುಗಿದ ಕೈಗಳು. ಗುಂಪಿಗೆ ಗುಂಪೇ ನಕ್ಕಿತು. ನಾನೂ ನಗುವ ಮುಖ ಒತ್ತಿದೆ. ಇದನ್ನು ನೆನಪಿನಿಂದ ಹೇಳುತ್ತಿಲ್ಲ, ಫೋನಿನಲ್ಲಿ ಇದೆ.

ಅವತ್ತು ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಕಾಮರ್ಸ್ ಸರ್ ಎದುರಿಗೇ ಕೇಳಿದರು. ‘ಮೇಡಂ, ಕಾಲಿಗೆ ಏನರ ಆಗೇತೇನ್ರಿ? ಮೊನ್ನಿ ಸಂತ್ಯಾಗ ಎರಡೂ ಕೈಯಾಗ ಚೀಲ ಹಿಡಕೊಂಡು ದಡದಡ ಹೊಂಟಿದ್ರಿ.’

‘ಕಾಲು ಕುದುರಿ ಹಂಗ ಅದಾವ್ರೀ ಸರ,’ ಎಂದು ಮೇಡಂ ನಕ್ಕರು.

‘ಮತ್ತ ಕುದುರಿ ಲಾಯಕ್ಕ ಹೋಗಬೇಕಲ್ರೀ, ಶೆಡ್ಡಿಗೆ.’

ಎಲ್ಲರೂ ನಕ್ಕರು, ಮೇಡಂ ಎಲ್ಲರಿಗಿಂತ ಜೋರಾಗಿ. ಸಂತೆಯಲ್ಲಿ ಅವರು ಹಾಗೆ ನಡೆದದ್ದು ನಿಜವಿರಬಹುದು. ಆ ಕಾಯಿಲೆಯಲ್ಲಿ ಒಳ್ಳೆಯ ದಿನಗಳೂ ಇರುತ್ತವೆ, ಸಂತೆಯ ಬಯಲು ಸಪಾಟಾಗಿಯೂ ಇದೆ. ಆದರೆ ಒಂದು ದಿನ ನಡೆದವರು ದಿನಾ ನಡೆಯಬಲ್ಲರು ಎಂಬುದು ನಮ್ಮ ಲೆಕ್ಕ.

ಆ ಸಂಜೆ ನಾನೇ ಅವರ ಹತ್ತಿರ ಹೋದೆ. ‘ಮೇಡಂ, ತಪ್ಪ ತಿಳೀಬ್ಯಾಡ್ರಿ. ಅದು ಅಂಗವಿಕಲರ ಜಾಗ ಐತ್ರಿ.’

‘ಗೊತ್ತೈತವಾ. ನನಗೂ ಓದಾಕ ಬರ್ತೈತಿ,’ ಎಂದರು. ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಚೌಕದ ಕಡೆ ನೋಡಿದರು. ‘ನಾಳಿಗೆ ಶೆಡ್ಡಿನ್ಯಾಗ ಹಚ್ಚತೇನಿ ತಗೋ.’

ಡೈರಿಯಲ್ಲಿ ಅವತ್ತು ಬರೆದದ್ದು ಒಂದೇ ಸಾಲು: ‘ಭೂಗೋಳ ಮೇಡಂ ತಕರಾರು ಮಾಡದೆ ಒಪ್ಪಿದರು.’

ಸಮಿತಿ ಬಂತು, ಹೋಯಿತು. ಚೌಕದ ಫೋಟೋ ತೆಗೆದುಕೊಂಡಿತು. ನಿಯಮ ಮಾತ್ರ ಹಾಗೇ ಉಳಿಯಿತು. ಸುಮಾರು ಒಂದು ತಿಂಗಳಾದ ಮೇಲೆ ಮೇಡಂ ನಾನು ಒಬ್ಬಳೇ ಇರುವ ಹೊತ್ತು ನೋಡಿ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಆಮೇಲೆ ಚೀಲದಿಂದ ಅಂಟಿಸಿದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

‘ಇದ ಡಾಕ್ಟರ್ ಚೀಟಿ ಐತಿ. ನೀ ಒಬ್ಬಾಕಿನ ಓದಿ ತಿರುಗಿ ಕೊಡು. ಪ್ರಿನ್ಸಿಪಾಲರಿಗೆ ತೋರಿಸಬ್ಯಾಡ, ಫೈಲಿನ್ಯಾಗ ಹಾಕಬ್ಯಾಡ. ಗಾಡಿ ಆ ಚೌಕದಾಗ ನಿಲ್ಲಸಾಕ ಹೂಂ ಅನ್ನು, ಸಾಕು.’

‘ಏನಾಗೇತ್ರಿ ಮೇಡಂ?’

‘ಅದನ್ನ ಬಾಯಿಲೆ ಹೇಳಸಬ್ಯಾಡವಾ. ಓದು.’

ನಾನು ಓದಲಿಲ್ಲ. ಯಾಕೆ ಓದಲಿಲ್ಲ ಎಂದು ಈಗ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಗುರುಗಳು ನನ್ನ ಮುಂದೆ ಸುಳ್ಳು ಚೀಟಿ ಇಡುತ್ತಿದ್ದಾರೆ ಎಂಬ ಅನುಮಾನ ಬಂದಿತ್ತು. ಓದಿದರೆ ಅದು ಖಾತ್ರಿಯಾಗುತ್ತದೆ, ಅವರ ಮೇಲಿನ ಗೌರವ ಹೋಗುತ್ತದೆ ಎಂದು ಹೆದರಿದೆ. ಹೀಗೆ ಹೇಳಿಕೊಂಡರೆ ಸ್ವಲ್ಪ ಒಳ್ಳೆಯವಳಂತೆ ಕಾಣುತ್ತೇನೆ. ಆದರೆ ಕೈಯಲ್ಲಿ ಒಂದು ನಿಯಮ ಇತ್ತು, ಅದನ್ನು ನನ್ನ ಗುರುಗಳಿಗೇ ಹೇಳುವ ಅವಕಾಶ ಸಿಕ್ಕಿತ್ತು ಎಂಬುದೂ ಅಷ್ಟೇ ನಿಜ.

‘ಕಾರ್ಡ್ ಐತೇನ್ರಿ ಮೇಡಂ? ಅಂಗವಿಕಲರ ಕಾರ್ಡು?’

‘ಕಾರ್ಡ ಕೊಡಂಗಿಲ್ಲವಾ. ಸರಕಾರದ ಪಟ್ಟಿ ಐತಲ್ಲ, ಅದರಾಗ ನಂದು ಬರಂಗಿಲ್ಲ. ಕೇಳಿ ಬಂದೇನಿ.’

‘ಹಂಗಾದ್ರ ನನ್ನ ಕೈಯಾಗ ಏನೈತ್ರಿ? ಇವತ್ತು ನಿಮಗ ಹೂಂ ಅಂದ್ರ ನಾಳೆ ಎಲ್ಲಾರೂ ಚೀಟಿ ತರ್ತಾರ.’ ಲಕೋಟೆಯನ್ನು ಅವರ ಕಡೆಗೆ ಸರಿಸಿದೆ. ‘ನಿಯಮ ಎಲ್ಲಾರಿಗೂ ಒಂದ ಅಲ್ರೀ ಮೇಡಂ. ನೀವ ಕಲಿಸಿದ್ದು.’

ಅವರು ಅಂಥದ್ದೇನನ್ನೂ ಕಲಿಸಿರಲಿಲ್ಲ.

ಲಕೋಟೆಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು. ‘ಖರೆ ಐತಿ ಬಿಡು,’ ಎಂದು ಎದ್ದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈ ಇಟ್ಟರೇ? ಇಟ್ಟರು ಎಂದು ಒಮ್ಮೆ ಅನಿಸುತ್ತದೆ. ಬಾಗಿಲ ಚೌಕಟ್ಟು ಹಿಡಿದು ನಿಂತರು ಎಂದು ಇನ್ನೊಮ್ಮೆ ಅನಿಸುತ್ತದೆ. ಆ ದಿನದ ಪುಟದಲ್ಲಿ ಈ ಭೇಟಿಯ ಸುದ್ದಿಯೇ ಇಲ್ಲ. ಒಂದು ಸೆಮಿನಾರಿನ ತಯಾರಿಯ ಬಗ್ಗೆ ಪುಟ ತುಂಬ ಬರೆದಿದ್ದೇನೆ.

ಅಲ್ಲಿಂದ ಮುಂದೆ ಅವರು ಗೇಟಿನಿಂದ ಪೋರ್ಚಿನವರೆಗೆ ನಡೆದೇ ಬಂದರು. ಇನ್ನೂರ ಹತ್ತು ಹೆಜ್ಜೆ, ಆಮೇಲೆ ನಾನೇ ಎಣಿಸಿದ್ದೇನೆ. ಮೊದಲು ಗೇಟಿನ ಕಾವಲು ಕಾಕಾನ ಹತ್ತಿರ ನಿಂತು ಅವನ ಎಮ್ಮೆ ಕರು ಹಾಕಿತೋ ಇಲ್ಲವೋ ವಿಚಾರಿಸುತ್ತಿದ್ದರು. ಬೇವಿನ ಕಟ್ಟೆಯ ಹತ್ತಿರ ಹುಡುಗಿಯರನ್ನು ಮಾತಾಡಿಸುತ್ತಿದ್ದರು. ನಳದ ಹತ್ತಿರ ಯಾರೂ ಸಿಗದಿದ್ದರೆ ಚೀಲ ತೆರೆದು ಏನೋ ಹುಡುಕುತ್ತಿದ್ದರು. ಕೊನೆಗೆ ಕಾಲೇಜಿನ ಅಡಿಗಲ್ಲಿನ ಮುಂದೆ ನಿಂತು ಅದರ ಮೇಲಿನ ಅಕ್ಷರ ಓದುತ್ತಿದ್ದರು.

‘ಮೇಡಮ್ಮಾರು ಆ ಕಲ್ಲು ದಿನಾ ಓದತಾರ್ರೀ. ಇಷ್ಟೊತ್ತಿಗೆ ಬಾಯಿಪಾಠ ಆಗಿರಬೇಕು,’ ಎಂದು ಕಾಕಾ ಒಮ್ಮೆ ನನಗೆ ಹೇಳಿ ನಕ್ಕ. ನಾನೂ ನಕ್ಕೆ.

ನಮ್ಮ ಕಡೆ ದಾರಿಯಲ್ಲಿ ಕಂಡವರನ್ನು ಮಾತಾಡಿಸದೆ ಹೋಗುವವನಿಗೆ ಸೊಕ್ಕು ಎನ್ನುತ್ತಾರೆ. ನಿಂತು ಮಾತಾಡಿಸುವವನನ್ನು ಮನುಷ್ಯ ಅಂದರೆ ಇವನು ಎನ್ನುತ್ತಾರೆ. ಆ ರೂಢಿಯ ಒಳಗೇ ಅವರು ಉಸಿರು ತೆಗೆದುಕೊಳ್ಳಲು ಜಾಗ ಮಾಡಿಕೊಂಡಿದ್ದರು. ನಮಗೆ ಕಂಡದ್ದು ಬರೀ ಒಳ್ಳೆಯತನ. ಆ ವರ್ಷ ಅವರ ಹೆಸರು ಇನ್ನೂ ಒಳ್ಳೆಯದಾಯಿತು. ಹಿಂದೆ ಗಾಡಿ ಇಳಿದು ಸೀದಾ ಒಳಗೆ ಹೋಗುತ್ತಿದ್ದವರು ಈಗ ಎಲ್ಲರಿಗೂ ಸಿಗುತ್ತಿದ್ದರು. ಡೈರಿಯಲ್ಲಿ ಒಂದು ದಿನ ಹೀಗೆ ಬರೆದಿದ್ದೇನೆ: ‘ಭೂಗೋಳ ಮೇಡಂ ಈಗೀಗ ಎಲ್ಲರ ಜೊತೆ ಎಷ್ಟು ಬೆರೆಯುತ್ತಾರೆ. ಗಾಡಿ ಶೆಡ್ಡಿಗೆ ಹೋದದ್ದು ಒಳ್ಳೆಯದೇ ಆಯಿತು.’

ಈ ಸಾಲನ್ನು ಹರಿದು ಹಾಕಬೇಕೆಂದು ಬಹಳ ಸಲ ಅನಿಸಿದೆ. ಹರಿದರೆ ಇನ್ನೊಂದು ಸುಳ್ಳಾಗುತ್ತದೆ. ಬಿಟ್ಟಿದ್ದೇನೆ.

ಆ ಮಾಘದಲ್ಲಿ ಅವರ ಒಬ್ಬಳೇ ಮಗಳ ಮದುವೆ ಮುದ್ದೇಬಿಹಾಳದ ಕಡೆಯವರ ಜೊತೆ ಆಯಿತು. ಅಕ್ಷತೆಗೆ ನಾವೆಲ್ಲ ಹೋಗಿದ್ದೆವು. ಮೇಡಂ ಇಡೀ ದಿನ ನಿಂತೇ ಇದ್ದರು. ಮುಖ ಊದಿದ ಹಾಗೆ ಕಂಡಿತು, ಮದುವೆಮನೆಯ ನಿದ್ದೆಗೇಡು ಅಂದುಕೊಂಡೆವು. ಅದಾಗಿ ಒಂದು ತಿಂಗಳಿಗೆ ಅವರು ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು. ನೌಕರಿ ಇನ್ನೂ ಆರು ವರ್ಷ ಇತ್ತು.

‘ಯಾಕ್ರಿ ಮೇಡಂ ಇಷ್ಟ ಲಗೂನ?’ ಎಂದರೆ, ‘ಸಾಕಾತು. ನೆಲ ಎಷ್ಟಂತ ಅಳೀಬೇಕು?’ ಎಂದು ನಕ್ಕರು.

ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿನಿ ಎಂದು ನನ್ನನ್ನೇ ಮಾತಾಡಲು ಹಚ್ಚಿದರು. ಭಾಷಣವನ್ನು ಬರೆದುಕೊಂಡು ಹೋಗಿದ್ದೆ, ಆ ಹಾಳೆ ಇನ್ನೂ ಇದೆ. ಅದರಲ್ಲಿ ಹೀಗಿದೆ: ‘ನಮ್ಮ ಮೇಡಂ ಗೇಟಿನಿಂದ ಪೋರ್ಚಿಗೆ ಬರಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ನಾವೆಲ್ಲ ಎರಡು ನಿಮಿಷದಲ್ಲಿ ಬಂದುಬಿಡುತ್ತೇವೆ. ಆ ಹದಿನೆಂಟು ನಿಮಿಷಗಳನ್ನು ಅವರು ಮನುಷ್ಯರಿಗೆ ಕೊಡುತ್ತಾರೆ.’ ಚಪ್ಪಾಳೆ ಬಹಳ ಹೊತ್ತು ಬಿತ್ತು. ಮೇಡಂ ಕೊರಳಲ್ಲಿ ಹಾರ ಹಾಕಿಕೊಂಡು ಕೂತಿದ್ದರು, ಹಾರ ಮೇಲೆ ಕೆಳಗೆ ಆಡುತ್ತಿತ್ತು. ಅವರು ನಗುತ್ತಿದ್ದಾರೆ ಎಂದುಕೊಂಡೆ. ನಗುತ್ತಲೂ ಇದ್ದರು.

ಮಳೆಗಾಲದ ಕೊನೆಗೆ ಸೊಲ್ಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮೂರು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಮಗಳು ತವರಿಗೆ ಬಂದಿದ್ದಳು. ಮೂಲೆಯಲ್ಲಿ ಗೋಡೆಗೆ ಒರಗಿ ಒಬ್ಬ ಮುದುಕಿ ಕೂತಿದ್ದರು. ನಾನು ಕಾಲೇಜಿನವಳೆಂದು ಗೊತ್ತಾದ ಕೂಡಲೇ ಅವರೇ ಮೊದಲು ಮಾತಾಡಿದರು.

‘ನಾ ಉಪ್ಪು ಹಾಕೂದಿಲ್ಲಂತ ನಿಮ್ಮ ಕಾಲೇಜಿನ್ಯಾಗ ನನ್ನ ಹೆಸರಾಗೇತಂತಲ್ಲವಾ?’

‘ಹೂಂರೀ,’ ಎಂದೆ.

‘ನಾನ ಹೇಳಿದ್ನಿ ಆಕಿಗೆ, ನನ್ನ ಮ್ಯಾಲೆ ಹಾಕು ಅಂತ. ಅತ್ತಿ ಕೆಟ್ಟಾಕಿ ಅಂದ್ರ ಯಾರೂ ಮತ್ತೇನೂ ಕೇಳಂಗಿಲ್ಲ. ಇಪ್ಪತ್ತ ವರ್ಷ ಬ್ಯಾರೆ ಗಡಗ್ಯಾಗ ಪಲ್ಲೆ ಮಾಡಿ ಕೊಟ್ಟೇನಿ. ಉಪ್ಪು ತಿಂದ್ರ ಮೈಯಾಗ ನೀರ ತುಂಬತಿತ್ತು ಆಕಿಗೆ.’ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಉಳಿದದ್ದನ್ನು ಮಗಳು ಹೇಳಿದಳು. ಕವಾಟ, ಎದೆಯ ಮೇಲಿನ ಗಾಯ, ಜಂಪರದ ಕೊರಳು. ‘ಏರು ಹತ್ತೂದು ಆಗ್ತಿರಲಿಲ್ರಿ ಅವ್ವಗ. ನೌಕರಿ ಬಿಡು ಅಂದ್ರ, ಬಿಟ್ರ ಮಂದಿ ಯಾಕಂತ ಕೇಳ್ತಾರ, ನಿನ್ನ ಲಗ್ನ ಆಗೂತನ ತಡಕೋತೇನಿ ಅಂತಿದ್ಲು. ಅವ್ವಗ ಎದಿ ಜಡ್ಡು ಐತಿ ಅಂದ್ರ ಮಗಳಿಗೂ ಐತಿ ಅಂತಾರಂತ.’

ಲಕೋಟೆಯ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

‘ಬೀಗರಿಗೆ ಈಗ ಗೊತ್ತಾತೇನವಾ?’ ಎಂದೆ.

‘ಆಸ್ಪತ್ರಿಗೆ ಬಂದಾಗ ಗೊತ್ತಾತ್ರಿ. ಏನೂ ಅನ್ನಲಿಲ್ಲ. ನಮ್ಮತ್ತಿ ಒಂದ ಮಾತಂದ್ರು. ಮೊದಲ ಹೇಳಿದ್ರ ಲಗ್ನದಾಗ ಒಂದ್ ಕುರ್ಚಿ ಹಾಕ್ತಿದ್ವಿ, ಇಡೀ ದಿನ ನಿಂದರಸಿದ್ವಲ್ಲ ಅಂದ್ರು.’

ಆಮೇಲೆ ಅವಳು ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು. ‘ನಿಮ್ಮ ಭಾಷಣದ ಸುದ್ದಿ ಅವ್ವ ಮನಿಗೆ ಬಂದು ಹೇಳಿದ್ಲರೀ. ಹದಿನೆಂಟು ನಿಮಿಷ ಅಂದ್ರಂತಲ್ಲ. ನೋಡು, ಒಬ್ಬರಿಗೂ ಗೊತ್ತಾಗಿಲ್ಲ ಅಂತ ಭಾಳ ಖುಷಿ ಆಗಿತ್ತು ಆಕಿಗೆ.’

ಈ ಮಾತನ್ನು ಎಲ್ಲಿಡಬೇಕೆಂದು ನನಗೆ ಈವರೆಗೂ ತಿಳಿದಿಲ್ಲ. ಅವರು ಗೆದ್ದರು ಎಂದುಕೊಂಡರೆ ನನ್ನ ಮನಸ್ಸಿಗೆ ಹಗುರ. ಅದಕ್ಕೇ ಅದನ್ನು ನಂಬಲು ಹಿಂಜರಿಯುತ್ತೇನೆ. ಅವರು ಎಲ್ಲರನ್ನೂ ಮಾತಾಡಿಸಿದ್ದು ಬರೀ ಉಸಿರಿಗಾಗಿಯೇ ಎಂದರೆ ಅದೂ ಅನ್ಯಾಯ. ಕಾಕಾನ ಎಮ್ಮೆ ಕರು ಹಾಕಿದ ದಿನ ಅವರು ಅವನಿಗೆ ಮನೆಯಿಂದ ಬೆಲ್ಲ ತಂದುಕೊಟ್ಟಿದ್ದರು. ಉಸಿರಿಗಾಗಿ ನಿಂತವರು ಬೆಲ್ಲ ತರಬೇಕಿರಲಿಲ್ಲ. ಇನ್ನು, ಆ ಏರು ಹತ್ತದಿದ್ದರೆ ಅವರು ಹೆಚ್ಚು ದಿನ ಇರುತ್ತಿದ್ದರೇ? ಡಾಕ್ಟರೊಬ್ಬರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಇನ್ನಷ್ಟು ದಿನ ಪಾಠ ಮಾಡುತ್ತಿದ್ದರು ಎಂಬುದಂತೂ ಡಾಕ್ಟರನ್ನು ಕೇಳುವ ಮಾತಲ್ಲ.

ಕಾಲೇಜಿಗೆ ಹೋಗಿ ಎಲ್ಲರಿಗೂ ತಿಳಿಸಿದೆ. ಎರಡು ನಿಮಿಷ ಮೌನ ನಿಂತೆವು. ಕಾಮರ್ಸ್ ಸರ್ ಕಣ್ಣಲ್ಲಿ ನೀರು ತಂದುಕೊಂಡರು, ತಮ್ಮ ಫೋನಿನಿಂದ ಆ ಫೋಟೋ ಅಳಿಸಿದರು. ನನ್ನ ಫೋನಿನ ಪ್ರತಿಯನ್ನು ನಾನು ಅಳಿಸಿಲ್ಲ. ಮುಂದಿನ ಸಭೆಯಲ್ಲಿ ಒಂದು ಮಾತು ಇಟ್ಟೆ: ನೀಲಿ ಚೌಕದಲ್ಲಿ ಯಾರು ಗಾಡಿ ನಿಲ್ಲಿಸಿದರೂ ಕಾರ್ಡು ಕೇಳಬಾರದು, ಕಾರಣವನ್ನೂ ಕೇಳಬಾರದು.

‘ಹಂಗ ಮಾಡಿದ್ರ ಗಟ್ಟಿಮುಟ್ಟ ಇದ್ದವ್ರೂ ಬಂದು ಹಚ್ಚತಾರಲ್ರೀ,’ ಎಂದರು ಪ್ರಾಂಶುಪಾಲರು.

‘ಹಚ್ಚಲಿ ಬಿಡ್ರಿ. ಖಾಲಿ ಬೀಳೂದಕ್ಕಿಂತ ಚಲೋ.’

‘ಮೇಡಂ ಅವರ ವಿಷಯ ಬ್ಯಾರೆ ಇತ್ತು,’ ಎಂದು ಅವರು ಸಭೆಯನ್ನು ಮುಂದಿನ ವಿಷಯಕ್ಕೆ ಒಯ್ದರು. ನಿರ್ಣಯ ಆಗಲಿಲ್ಲ. ಅಂಗಳದ ಉಸ್ತುವಾರಿ ನನ್ನ ಹತ್ತಿರವೇ ಉಳಿಯಿತು.

ಈ ವರ್ಷ ಪಕ್ಕದ ಇಂಡಿ ತಾಲೂಕಿನಿಂದ ಹೊಸದಾಗಿ ಒಬ್ಬರು ಅತಿಥಿ ಉಪನ್ಯಾಸಕರು ಬಂದಿದ್ದಾರೆ. ಮೂವತ್ತರ ಆಸುಪಾಸು, ಕಟ್ಟುಮಸ್ತಾದ ಆಳು. ಮೊನ್ನೆ ಅವರ ಬೈಕು ನೀಲಿ ಚೌಕದಲ್ಲಿ ನಿಂತಿತ್ತು. ಕಿಟಕಿಯಿಂದ ನೋಡಿದ ಕಾಮರ್ಸ್ ಸರ್ ನನ್ನನ್ನು ಕರೆದರು.

‘ನೋಡ್ರಿ ಅಲ್ಲಿ. ಹೋಗಿ ಕೇಳ್ರಿ, ನೀವ ಉಸ್ತುವಾರಿ.’

‘ಏನಂತ ಕೇಳಲಿ ಸರ?’

‘ನಮ್ಮ ಮೇಡಮ್ಮಾರು ಖರೇನ ಜಡ್ಡಿನವ್ರಿದ್ರು. ಇವ ಖರೆ ಅದಾನೋ ಸುಳ್ಳ ಅದಾನೋ, ಕೇಳಬೇಕಲ್ರೀ?’

ಹೋದೆ. ಅವರು ಬೈಕಿನ ಮೇಲೆಯೇ ಕೂತು ಫೋನು ನೋಡುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಇಳಿದು, ಕೆಳಗಿನ ಚಿತ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅವರು ರೋಗಿ ಇರಬಹುದು, ಬರೀ ಮೈಗಳ್ಳರೂ ಇರಬಹುದು. ಇದನ್ನು ಬರೆಯುವಾಗಲೂ ನನಗೆ ಗೊತ್ತಿಲ್ಲ.

‘ಸರ, ಒಳಗ ಚಾ ಬಂದೈತಿ, ಆರಿಹೋಗ್ತೈತಿ ಬರ್ರಿ,’ ಎಂದು ತಿರುಗಿ ಬಂದೆ.

ಕಾಮರ್ಸ್ ಸರ್ ಕಿಟಕಿಯ ಹತ್ತಿರವೇ ಕಾಯುತ್ತಿದ್ದರು. ‘ಏನಂದ್ರು ಅವರು?’

‘ಬರ್ತಾರಂತ್ರಿ,’ ಎಂದೆ.